ಕಲ್ಯಾಣದ ಬಿಸಿಲಿಗೊಗ್ಗುವ ಜೋಲುಗೊಂಬೆಯ ಮರ

ಊರು ಬಿಟ್ಟು ಬಂದವರ ಮನೆಗಳಲ್ಲಿ ಗಿಡಗಳಿಗೊಂದು ವಿಶೇಷ ಸ್ಥಾನವುಂಟು. ಕಲ್ಯಾಣ, ಡೊಂಬಿವಲಿ, ಠಾಣೆಗಳಲ್ಲಿ ನೆಲೆಸಿದ ಯಾವ ಕನ್ನಡ ಮನೆಗೆ ಹೋದರೂ ಗ್ಯಾಲರಿಯಲ್ಲಿ ಒಂದು ತುಳಸಿ, ಒಂದು ದಾಸವಾಳ, ಒಂದು ಕರಿಬೇವಿನ ಸಸಿ ಕಣ್ಣಿಗೆ ಬೀಳುತ್ತವೆ. ವಿಜಯಪುರದ ಕಡೆಯವರು ಕುಂಡವೆನ್ನಲಿ, ಮಂಗಳೂರಿನ ಕಡೆಯವರು ಚಟ್ಟಿಯೆನ್ನಲಿ, ಒಳಗಿರುವ ಹಿಡಿ ಮಣ್ಣಿನ ಮೇಲಿನ ಅಕ್ಕರೆ ಎಲ್ಲರದೂ ಒಂದೇ.

ಈಚೆಗೆ ಈ ಬಳಗಕ್ಕೆ ಹೊಸದೊಂದು ಆಸೆ ಸೇರಿಕೊಂಡಿದೆ. ಪರದೇಶದಲ್ಲಿರುವ ಮಗನೋ ಮಗಳೋ ಕಳಿಸಿದ ಚಿತ್ರಗಳಲ್ಲಿ ಮನೆಯ ಬಾಗಿಲ ಪಕ್ಕದಲ್ಲಿ ಒಂದು ಗಿಡ್ಡ ಮರ ನಿಂತಿರುತ್ತದೆ. ಅದರ ಕೊಂಬೆಗಳು ಮೇಲಕ್ಕೇಳದೆ ಕೊಡೆಯ ಅಂಚಿನಂತೆ ಸುತ್ತಲೂ ಇಳಿಬಿದ್ದಿರುತ್ತವೆ. ವರ್ಷವಿಡೀ ಹಸಿರು, ಕಸವೂ ಕಡಿಮೆ. ಇಂಥದೊಂದು ನಮ್ಮ ಮನೆಯ ಮುಂದೆಯೂ ಇದ್ದರೆ ಎಷ್ಟು ಚೆಂದ ಎಂದು ಯಾರಿಗೆ ಅನಿಸದು? ಡಿಸೆಂಬರ್ ಬಂತೆಂದರೆ ನರ್ಸರಿಗಳಲ್ಲಿ ಅದೇ ಜಾತಿಯ ಮೊನಚು ಎಲೆಯ ಸಸಿಗಳು ಸಾಲಾಗಿ ಬಂದು ನಿಲ್ಲುತ್ತವೆ. ಕೊಂಡು ತರುತ್ತೇವೆ. ಜನವರಿಯಲ್ಲಿ ಅದು ನಗುತ್ತಿರುತ್ತದೆ, ಮಾರ್ಚಿನಲ್ಲಿ ಮಂಕಾಗುತ್ತದೆ, ಮೇ ಕಳೆಯುವುದರೊಳಗೆ ಕಂದು ಕಡ್ಡಿ. “ಏನ್ರೀ, ದಿನಾ ನೀರು ಹಾಕಿದೆನಲ್ಲಾ, ಯಾಕೆ ಹೀಗಾಯ್ತು?” ಎಂದು ಮನೆಯಾಕೆ ಕೊರಗುವುದನ್ನು ಎಷ್ಟೋ ಮನೆಗಳಲ್ಲಿ ನಾವು ಕೇಳಿದ್ದೇವೆ.

ಆ ತಾಯಿಗೆ ನಾವು ಹೇಳುವುದಿಷ್ಟೇ: ತಪ್ಪು ನಿಮ್ಮ ಕೈಯದಲ್ಲ, ಮರದ ಆಯ್ಕೆಯದು. ಕಲ್ಯಾಣದ ಹವೆಯಲ್ಲಿ ಬದುಕಲಾರದ ಮರಕ್ಕೆ ಎಷ್ಟು ಆರೈಕೆ ಮಾಡಿದರೂ ಫಲವಿಲ್ಲ. ಬದುಕಬಲ್ಲ ಮರವನ್ನು ಆರಿಸಿ, ಮೊದಲ ನಾಲ್ಕು ವರ್ಷ ಅದಕ್ಕೊಂದು ಆಸರೆ ಕೊಟ್ಟರೆ, ಚಿತ್ರದಲ್ಲಿ ಕಂಡಂಥದೇ ಜೋಲುಗೊಂಬೆಯ ಮರ ನಮ್ಮ ಅಂಗಳದಲ್ಲಿಯೂ ನಿಲ್ಲುತ್ತದೆ. ಅದು ಹೇಗೆಂಬುದನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸುತ್ತೇವೆ.

ಶಂಕುಫಲದ ಮರಗಳು

ಇಂಗ್ಲಿಷಿನಲ್ಲಿ ಕೋನಿಫರ್ ಎನ್ನುವ ಮರಗಳನ್ನು ನಾವು ಶಂಕುಫಲದ ಮರಗಳೆನ್ನಬಹುದು. ಮಾವು, ಹಲಸುಗಳಂತೆ ಇವು ಹೂಬಿಟ್ಟು ಹಣ್ಣಾಗುವವಲ್ಲ. ಹುರುಪೆ ಹುರುಪೆಯಾಗಿ ಜೋಡಿಸಿದ ಶಂಕುವಿನಾಕಾರದ ಕಾಯಿಯಲ್ಲಿ ಬೀಜಗಳು ಬರಿದಾಗಿ ಕುಳಿತಿರುತ್ತವೆ. ಪೈನ್, ದೇವದಾರು, ಸೈಪ್ರೆಸ್, ಜೂನಿಪರ್ ಎಲ್ಲವೂ ಈ ಕುಲದವು. ಎಲೆ ಸಾಮಾನ್ಯವಾಗಿ ಸೂಜಿಯಂತೆ ಇಲ್ಲವೆ ಹುರುಪೆಯಂತೆ ಇರುತ್ತದೆ.

ಇವುಗಳಲ್ಲಿ ಬಹುಪಾಲು ಮರಗಳು ದೇವಸ್ಥಾನದ ಶಿಖರದಂತೆ ನೆಟ್ಟಗೆ ಏರುತ್ತವೆ. ನಡುವಿನ ಸುಳಿ ಸದಾ ಮೇಲ್ಮುಖವಾಗಿರುವುದೇ ಇದಕ್ಕೆ ಕಾರಣ. ಆದರೆ ಸಾವಿರಾರು ಸಸಿಗಳಲ್ಲಿ ಎಲ್ಲೋ ಒಂದರ ಸುಳಿಗೆ ನೆಟ್ಟಗೆ ನಿಲ್ಲುವ ಶಕ್ತಿ ಇರುವುದಿಲ್ಲ. ಅದು ಸ್ವಲ್ಪ ಏರಿ ಬಾಗುತ್ತದೆ, ಕೊಂಬೆಗಳು ಇಳಿಬೀಳುತ್ತವೆ. ಇಂಥದನ್ನು ಕಂಡ ತೋಟಗಾರ ಅದರ ಕೊಂಬೆಯನ್ನು ತೆಗೆದು ಕಸಿಕಟ್ಟುತ್ತಾನೆ. 19ನೆಯ ಶತಮಾನದ ನಡುವಿನಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಫಿಷ್‌ಕಿಲ್ ಬೆಟ್ಟಗಳಲ್ಲಿ ದೊರೆತ ಬಾಗುಕೊಂಬೆಯ ಹೆಮ್ಲಾಕ್ ಮರ ಹೀಗೆಯೇ ಕಸಿಯಿಂದ ಕಸಿಗೆ ಸಾಗಿ ಲೋಕದ ಎಷ್ಟೋ ತೋಟಗಳನ್ನು ಸೇರಿತು. ಇಂಥ ಮರದ ಬೀಜ ಬಿತ್ತಿದರೆ ಬಾಗುವ ಗುಣ ಬಂದೀತೆಂಬ ಭರವಸೆಯಿಲ್ಲ. ಬಹಳಷ್ಟು ಸಸಿಗಳು ಅಜ್ಜನ ಗುಣಕ್ಕೆ ಮರಳಿ ನೆಟ್ಟಗೇ ಏರುತ್ತವೆ.

ನಮ್ಮ ದೇಶದ ದೇವದಾರುವಿಗೆ ಹುಟ್ಟಿನಿಂದಲೇ ಈ ಬಳುಕು ಸ್ವಲ್ಪಮಟ್ಟಿಗೆ ಇದೆ. ಅದರ ಕೊಂಬೆಗಳ ತುದಿ ನಯವಾಗಿ ಕೆಳಕ್ಕೆ ಬಾಗುತ್ತದೆ. ಕಾಳಿದಾಸನ ರಘುವಂಶದ ಎರಡನೆಯ ಸರ್ಗದಲ್ಲಿ, ಶಿವನು ಮಗನೆಂದು ಸ್ವೀಕರಿಸಿದ, ಪಾರ್ವತಿ ತಾನೇ ಪೋಷಿಸಿ ಬೆಳೆಸಿದ ದೇವದಾರುವಿನ ಪ್ರಸಂಗ ಬರುತ್ತದೆ. ಕಾಡಾನೆಯೊಂದು ಮೈಯುಜ್ಜಿ ಅದರ ತೊಗಟೆ ಕಿತ್ತಾಗ ಆಕೆ ಹೆತ್ತ ಮಗನಿಗೇ ಪೆಟ್ಟಾದಂತೆ ಮರುಗಿದಳಂತೆ. ಗ್ಯಾಲರಿಯ ಗಿಡ ಒಣಗಿದಾಗ ಮರುಗುವ ನಮ್ಮ ತಾಯಂದಿರಿಗೆ ಈ ಮಾತು ಬೇಗ ಅರ್ಥವಾದೀತು.

ಚಳಿ ಬೇಡುವ ಮರಗಳು

ಹಾಗಾದರೆ ದೇವದಾರುವನ್ನೇ ಕಲ್ಯಾಣಕ್ಕೆ ತರಬಾರದೇಕೆ? ಅದರ ತವರು ಹಿಮಾಲಯದಲ್ಲಿ, ಸಮುದ್ರಮಟ್ಟದಿಂದ ಸುಮಾರು 1500 ಮೀಟರಿನಿಂದ 3000 ಮೀಟರಿನವರೆಗಿನ ಎತ್ತರದಲ್ಲಿ. ಉಲ್ಹಾಸ ನದಿಯ ದಂಡೆಯ ನಮ್ಮ ಕಲ್ಯಾಣವೋ ಸಮುದ್ರಮಟ್ಟದಿಂದ ಕೆಲವೇ ಮೀಟರ್ ಮೇಲಿದೆ. ಇಲ್ಲಿ ಏಪ್ರಿಲ್, ಮೇ ತಿಂಗಳ ಕೆಲವು ದಿನ ಬಿಸಿಲು 40 ಡಿಗ್ರಿ ಸೆಂಟಿಗ್ರೇಡನ್ನು ದಾಟುತ್ತದೆ, ಹಿಮವೆಂಬುದು ಬೀಳುವುದೇ ಇಲ್ಲ.

ಶೀತದೇಶದ ಮರಗಳಿಗೆ ಚಳಿಗಾಲವು ಶಿಕ್ಷೆಯಲ್ಲ, ನಿದ್ರೆ. ಚಳಿ ಬಂದಾಗ ಅವು ಬೆಳವಣಿಗೆ ನಿಲ್ಲಿಸಿ ವಿಶ್ರಮಿಸುತ್ತವೆ. ಸಾಕಷ್ಟು ದಿನ ಚಳಿ ಕಂಡ ಮೇಲೆಯೇ ಮೊಗ್ಗುಗಳು ಸರಿಯಾಗಿ ಒಡೆಯುತ್ತವೆ. ಆ ನಿದ್ರೆ ದೊರೆಯದ ಮರ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ. ಇನ್ನೊಂದು ತೊಂದರೆ ರಾತ್ರಿಯ ಸೆಕೆ. ಹಗಲು ಎಲೆಗಳು ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆಯನ್ನು ಮರ ರಾತ್ರಿ ಉಸಿರಾಟಕ್ಕೆ ಖರ್ಚುಮಾಡುತ್ತದೆ. ರಾತ್ರಿ ಬಿಸಿಯಾದಷ್ಟೂ ಖರ್ಚು ಹೆಚ್ಚು. ತಂಪು ಊರಿನ ಮರಕ್ಕೆ ನಮ್ಮ ಮೇ ತಿಂಗಳ ರಾತ್ರಿಗಳಲ್ಲಿ ಆದಾಯಕ್ಕಿಂತ ವೆಚ್ಚವೇ ಮಿಗಿಲಾಗುತ್ತದೆ. ಸಂಸಾರ ನಡೆಸುವವರಿಗೆ ಇದರ ಪರಿಣಾಮವನ್ನು ಬಿಡಿಸಿ ಹೇಳಬೇಕಿಲ್ಲ. ಇದೆಲ್ಲವನ್ನೂ ದಾಟಿ ಜೂನ್ ಮುಟ್ಟಿದರೆ ಮಳೆ ಕಾದಿರುತ್ತದೆ. ನಾಲ್ಕು ತಿಂಗಳಲ್ಲಿ ಸುಮಾರು ಎರಡೂವರೆ ಸಾವಿರ ಮಿಲಿಮೀಟರ್ ಮಳೆ ಸುರಿಯುವ ನಮ್ಮ ಸೀಮೆಯಲ್ಲಿ ಬೇರು ನೀರಿನಲ್ಲಿ ನಿಂತು, ಉಸಿರುಕಟ್ಟಿ, ಕೊಳೆರೋಗಕ್ಕೆ ತುತ್ತಾಗುತ್ತದೆ.

ಡಿಸೆಂಬರಿನಲ್ಲಿ ಮಾರುವ ಹೊಂಬಣ್ಣದ, ನಿಂಬೆಯ ವಾಸನೆಯ ಗೋಲ್ಡನ್ ಸೈಪ್ರೆಸ್ಸನ್ನೇ ನೋಡಿ. ಅದರ ಮೂಲ ಕ್ಯಾಲಿಫೋರ್ನಿಯದ ಮಾಂಟೆರೆ ಕರಾವಳಿ, ಸಮುದ್ರದ ತಣ್ಣನೆಯ ಮಂಜು ಸದಾ ಆಡುವ ಜಾಗ. ನೀಲಗಿರಿಯ ಉದಕಮಂಡಲದಲ್ಲಿ ಅದು ಸುಖವಾಗಿ ಬೆಳೆಯುವುದೇನೋ ನಿಜ, ಆದರೆ ಉದಕಮಂಡಲ 2200 ಮೀಟರಿಗೂ ಎತ್ತರದಲ್ಲಿದೆ. ಬೆಟ್ಟದ ನರ್ಸರಿಯಲ್ಲಿ ಬೆಳೆದು ಲಾರಿ ಹತ್ತಿ ಬಂದ ಸಸಿ ನಮ್ಮ ಚಳಿಗಾಲದ ಎರಡು ತಿಂಗಳನ್ನು ತನ್ನ ಹಳೆಯ ಗಂಟಿನಿಂದ ಕಳೆಯುತ್ತದೆ.

ಇನ್ನೊಂದು ವಿಷಯ ತಿಳಿದಿರಬೇಕು. ಈ ಮರಗಳ ಬೇರು ಸತ್ತ ಮೇಲೂ ಎಲೆ ಕೆಲವು ವಾರ ಹಸಿರಾಗಿಯೇ ತೋರುತ್ತದೆ. ಕಂದು ಬಣ್ಣ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಆಗ ಗಾಬರಿಯಿಂದ ಹೆಚ್ಚು ನೀರು ಹಾಕಿದರೆ ಉಳಿದ ಬೇರೂ ಕೊಳೆಯುತ್ತದೆ. ಸೈಪ್ರೆಸ್, ಜೂನಿಪರ್, ತುಯಾಗಳ ಎಲೆ ಉದುರಿದ ಹಳೆಯ ಕೊಂಬೆ ಮತ್ತೆ ಚಿಗುರುವುದು ಬಲು ಅಪರೂಪ. ಆದಕಾರಣ ಮೊದಲ ಆಯ್ಕೆಯೇ ಸರಿಯಾಗಿರಬೇಕು.

ಹೋಲುವವು, ಆದರೆ ಆ ಕುಲದವಲ್ಲ

ನಮ್ಮ ಸುತ್ತಲೇ ಎರಡು ಮರಗಳು ಜೋಲುಗೊಂಬೆಯ ಶಂಕುಫಲದ ಮರಗಳಂತೆ ಕಂಡು ಕಣ್ಣನ್ನು ಮೋಸಗೊಳಿಸುತ್ತವೆ. ಒಂದು, ಸೊಸೈಟಿಗಳ ಗೋಡೆಯುದ್ದಕ್ಕೂ ಸಿಪಾಯಿಗಳಂತೆ ನಿಂತಿರುವ ಉದ್ದನೆಯ ಅಶೋಕ. ಕೊಂಬೆಗಳೆಲ್ಲ ಕಾಂಡಕ್ಕಂಟಿ ಕೆಳಗಿಳಿದಿರುತ್ತವೆ. ಬಂಗಾಲಿಗಳು ಇದನ್ನೇ ದೇವದಾರು ಎನ್ನುತ್ತಾರೆ. ಆದರೆ ಇದು ಸೀತಾಫಲದ ಕುಟುಂಬಕ್ಕೆ ಸೇರಿದ ಹೂಬಿಡುವ ಮರ. ಸೀತೆ ಕುಳಿತ ಅಶೋಕವೂ ಇದಲ್ಲ, ಆ ಕೆಂಪು ಹೂವಿನ ಅಶೋಕವೇ ಬೇರೆ.

ಎರಡನೆಯದು ಸರ್ವೆ ಮರ, ಅಂದರೆ ಗಾಳಿಮರ. ಕಾರವಾರದ ಕಡಲ ದಂಡೆಯಲ್ಲಿ ಆಡಿ ಬೆಳೆದವರಿಗೆ ಅದರ ಸುಯ್ಯೆನ್ನುವ ಸದ್ದು ಮರೆಯದು. ಅದರ ಸೂಜಿಗಳು ಎಲೆಗಳಲ್ಲ, ಗೆಣ್ಣು ಗೆಣ್ಣಾದ ಹಸಿರು ಕಡ್ಡಿಗಳು. ಒಂದು ಗೆಣ್ಣನ್ನು ಎಳೆದು ಬಿಡಿಸಿ ನೋಡಿ: ಕೀಲಿನಲ್ಲಿ ಹಲ್ಲಿನಂಥ ಸಣ್ಣ ಹುರುಪೆಗಳು ಕಾಣುತ್ತವೆ. ಅವೇ ನಿಜವಾದ ಎಲೆಗಳು. ಮಕ್ಕಳಿಗೆ ತೋರಿಸಿದರೆ ಒಂದು ಒಳ್ಳೆಯ ಪಾಠವಾದೀತು. ಎರಡೂ ಒಳ್ಳೆಯ ಮರಗಳೇ, ಆದರೆ ಎತ್ತರಕ್ಕೆ ಬೆಳೆಯುವಂಥವು. ಬಾಗಿಲ ಪಕ್ಕದ ಪುಟ್ಟ ಮರದ ಕೆಲಸಕ್ಕೆ ಒದಗವು.

ನಮಗೆ ಒಗ್ಗುವ ಮರ

ಶಂಕುಫಲದ ಮರಗಳೆಲ್ಲ ಶೀತದೇಶದವೆಂದು ತಿಳಿಯಬಾರದು. ಪೊಡೊಕಾರ್ಪಸ್ ಎಂಬ ಬಳಗವೊಂದಿದೆ. ಇವಕ್ಕೆ ಹುರುಪೆಯ ಕಾಯಿ ಇರುವುದಿಲ್ಲ. ಅದು ಕುಗ್ಗಿ ಒಂದೆರಡು ಬೀಜದ ಸಣ್ಣ ಕಾಯಾಗಿದೆ. ಈ ಬಳಗದ ಮರಗಳು ಬಿಸಿನಾಡುಗಳಿಗೆ ಹಳಬರು. ಮಲಯ ಮತ್ತು ಸಿಂಗಪುರದ ಕಡಲ ಅಂಚಿನಲ್ಲಿಯೇ ಇವುಗಳಲ್ಲೊಂದು ಸಹಜವಾಗಿ ಬೆಳೆಯುತ್ತದೆ. ನಮ್ಮ ಪಶ್ಚಿಮಘಟ್ಟದ ದಕ್ಷಿಣಭಾಗದ ನಿತ್ಯಹಸಿರು ಕಾಡುಗಳಲ್ಲಿ ನಾಜಿಯಾ ಎಂಬ ಇವುಗಳ ದಾಯಾದಿ ಮರವೊಂದುಂಟು. ದಕ್ಷಿಣ ಭಾರತದಲ್ಲಿ ತಾನಾಗಿ ಬೆಳೆಯುವ ಶಂಕುಫಲದ ಮರ ಅದೊಂದೇ ಎಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಅದರ ಎಲೆಯಾದರೋ ಸೂಜಿಯಲ್ಲ, ಅಗಲವಾದದ್ದು.

ಈ ಬಳಗದಲ್ಲಿ ನಮ್ಮ ಕೆಲಸಕ್ಕೆ ಬರುವುದು ಪೊಡೊಕಾರ್ಪಸ್ ಗ್ರಾಸಿಲಿಯರ್. ಸಸ್ಯಶಾಸ್ತ್ರಜ್ಞರು ಈಗ ಅದನ್ನು ಆಫ್ರೊಕಾರ್ಪಸ್ ಎಂದು ಬೇರೆ ಹೆಸರಿನಿಂದ ಕರೆಯುತ್ತಾರೆ. ನರ್ಸರಿಯಲ್ಲಿ ವೀಪಿಂಗ್ ಪೊಡೊಕಾರ್ಪಸ್ ಅಥವಾ ಫರ್ನ್ ಪೈನ್ ಎಂದು ಕೇಳಿದರೆ ಸಾಕು. ಇದರ ತವರು ಪೂರ್ವ ಆಫ್ರಿಕದ ಇಥಿಯೋಪಿಯ, ಕೀನ್ಯ, ತಾಂಜಾನಿಯದ ಕಡೆ. ಸಣ್ಣ, ಉದ್ದನೆಯ, ಮೆತ್ತನೆಯ ಎಲೆಗಳು ಕಿಕ್ಕಿರಿದು ಬಂದು ಕೊಂಬೆ ಜರಿಗಿಡದಂತೆ ಕಾಣುತ್ತದೆ. ಕಾಡಿನಲ್ಲಿ ಇದು ದೊಡ್ಡ ಮರ. ಆದರೆ ಕತ್ತರಿಯನ್ನು ಎಷ್ಟು ಬಾರಿಯಾದರೂ ತಾಳಿಕೊಳ್ಳುವ ಸ್ವಭಾವ ಇದರದು. ಹಳೆಯ ಕೊಂಬೆಯಿಂದಲೂ ಮರುಚಿಗುರುತ್ತದೆ. ಆದ್ದರಿಂದ ಕುಂಡದಲ್ಲಿ ಐದಾರು ಅಡಿಗೆ ಹಿಡಿದಿಡಲು ಕಷ್ಟವಿಲ್ಲ.

ಕೊಳ್ಳುವಾಗ ಮಾತ್ರ ಒಂದು ಗುಟ್ಟನ್ನು ನೆನಪಿಡಬೇಕು. ಈ ಮರದಲ್ಲಿ ಬೀಜದಿಂದ ಹುಟ್ಟಿದ ಸಸಿಯ ನಡತೆ ಒಂದು, ಬೆಳೆದ ಮರದ ಟೊಂಗೆಯಿಂದ ಮಾಡಿದ ಸಸಿಯ ನಡತೆ ಇನ್ನೊಂದು. ಬೀಜದ ಸಸಿ ನೆಟ್ಟಗೆ ಏರುತ್ತದೆ, ಎಲೆ ಕಡುಹಸಿರು. ಟೊಂಗೆಯ ಸಸಿ ಬಳುಕುತ್ತದೆ, ಕೊಂಬೆಗಳು ಇಳಿಬೀಳುತ್ತವೆ, ಎಲೆಯ ಹಸಿರಿನಲ್ಲಿ ಬೂದು ಛಾಯೆ ಇರುತ್ತದೆ. ಆಸರೆಯಿಲ್ಲದೆ ನಿಲ್ಲದ, “ಇದು ಬಾಗಿದೆಯಲ್ಲಾ” ಎಂದು ಗಿರಾಕಿಗಳು ಬಿಟ್ಟುಹೋದ ಸಸಿಯೇ ನಮಗೆ ಬೇಕಾದದ್ದು!

ಇನ್ನುಳಿದ ಮೂರರ ವಿಷಯ ಸಂಕ್ಷೇಪವಾಗಿ ಹೇಳುತ್ತೇವೆ. ಮಕ್ಕಳು ಪುಸ್ತಕದ ನಡುವೆ ಇಡುವ ಬೀಸಣಿಗೆಯಂಥ ಎಲೆಯ ತುಯಾ, ಇಲ್ಲಿನವರ ಮೋರ್‌ಪಂಖಿ, ನಮ್ಮ ಹವೆಗೆ ಒಗ್ಗುತ್ತದೆ, ಆದರೆ ನೆಟ್ಟಗೆ ನಿಲ್ಲುವುದೇ ಹೊರತು ಜೋಲುವುದಿಲ್ಲ. ನೆಲಕ್ಕೆ ಹರಡುವ ಜೂನಿಪರನ್ನು ಎತ್ತರದ ಕುಂಡದಲ್ಲಿಟ್ಟರೆ ಅಂಚಿನಿಂದ ಚೆಂದವಾಗಿ ಇಳಿಯುತ್ತದೆ, ಆದರೆ ನಮ್ಮ ಮಳೆಗೆ ಬೇಗ ಕೊಳೆಯುವುದರಿಂದ ಸೂರಿನಡಿ ಇಡಲು ಸಾಧ್ಯವಿದ್ದವರು ಮಾತ್ರ ಕೈಹಾಕಬೇಕು. ಕ್ರಿಸ್‌ಮಸ್ ಮರವೆಂದು ಮಾರುವ ಅರಾಕೇರಿಯ ದಕ್ಷಿಣ ಶಾಂತಸಾಗರದ ದ್ವೀಪಗಳಿಂದ ಬಂದದ್ದು, ನಮ್ಮ ಸೆಕೆಯನ್ನು ತಡೆಯುತ್ತದೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಇವುಗಳ ಎತ್ತರವನ್ನು ಕಂಡವರು ಗ್ಯಾಲರಿಗೆ ತರುವ ಮೊದಲು ಒಮ್ಮೆ ಯೋಚಿಸಬೇಕು. ಅದರ ಸುಳಿ ಕತ್ತರಿಸಿದರೆ ಆಕಾರವೇ ಕೆಡುತ್ತದೆ. ಅಂದಹಾಗೆ ಈ ಜಾತಿಯ ಕುಕ್ ಪೈನ್ ಮರಗಳು ಲೋಕದ ಎಲ್ಲೇ ಇದ್ದರೂ ಭೂಮಧ್ಯರೇಖೆಯ ಕಡೆಗೆ ವಾಲುತ್ತವೆಂದು 2017ರಲ್ಲಿ ವಿಜ್ಞಾನಿಗಳು ಅಳೆದು ಪ್ರಕಟಿಸಿದರು. ನಮ್ಮ ದೇಶದಲ್ಲಾದರೆ ದಕ್ಷಿಣಕ್ಕೆ!

ಕುಂಡ ಮತ್ತು ಮಣ್ಣು

ಕಾಂಡ ಪೆನ್ಸಿಲಿನಷ್ಟು ದಪ್ಪವಿರುವ, ಎರಡು ಮೂರು ಅಡಿಯ ಸಸಿ ಸಾಕು. ದೊಡ್ಡ ಸಸಿಗೆ ದುಡ್ಡೂ ಹೆಚ್ಚು, ಒಗ್ಗಲು ಕಾಲವೂ ಹೆಚ್ಚು. ಚೀಲದ ತಳದಿಂದ ಬೇರು ಸುತ್ತಿಕೊಂಡು ಹೊರಬಂದಿದ್ದರೆ ಬೇಡ. ನಾಟಿಗೆ ಒಳ್ಳೆಯ ಕಾಲ ಮಳೆಯ ಅಬ್ಬರ ಇಳಿದ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಬೇಸಗೆಗೆ ಮೊದಲು ಬೇರೂರಲು ಐದಾರು ತಿಂಗಳ ಬಿಡುವು ಸಿಗುತ್ತದೆ.

ಮೊದಲು ಒಂದಡಿ ಬಾಯಿಯ ಕುಂಡ, ಎರಡು ವರ್ಷದ ಮೇಲೆ ಒಂದೂವರೆ ಅಡಿಯದು. ಮೊದಲೇ ದೊಡ್ಡ ಕುಂಡಕ್ಕೆ ಹಾಕಿದರೆ ಬೇರು ತಲುಪದ ಮಣ್ಣು ಸದಾ ಹಸಿಯಾಗಿದ್ದು ಹುಳಿಯುತ್ತದೆ. ತಳದಲ್ಲಿ ನಾಲ್ಕೈದು ತೂತುಗಳಿರಲೇಬೇಕು. ನಮ್ಮ ಕಡೆಯ ಕಪ್ಪುಮಣ್ಣನ್ನು ಹಾಗೆಯೇ ತುಂಬಕೂಡದು. ಅದು ಮಳೆಯಲ್ಲಿ ಅಂಟು, ಬೇಸಗೆಯಲ್ಲಿ ಬಿರುಕು. ಎರಡು ಪಾಲು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಒಂದು ಪಾಲು ದಪ್ಪ ಮರಳು ಇಲ್ಲವೆ ಸಣ್ಣ ಮುರುಮು ಬೆರೆಸಬೇಕು. ಒಂದೆರಡು ಹಿಡಿ ಬೇವಿನ ಹಿಂಡಿ ಸೇರಿಸಿದರೆ ಒಳ್ಳೆಯದು. ಚೀಲದಲ್ಲಿ ಸಸಿ ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ ಇಡಬೇಕು. ಕಾಂಡದ ಬುಡ ಮಣ್ಣಿನಲ್ಲಿ ಹೂತರೆ ಕೊಳೆಯುತ್ತದೆ.

ನೆಲಮಹಡಿಯವರು, ಸೊಸೈಟಿಯ ತೋಟದಲ್ಲಿ ಜಾಗ ದೊರೆತವರು ನೆಲದಲ್ಲಿಯೇ ನೆಡಬಹುದು. ಕಟ್ಟಡದ ಸುತ್ತ ಇರುವುದು ಬಹುಮಟ್ಟಿಗೆ ಇಟ್ಟಿಗೆಚೂರು, ಸಿಮೆಂಟು ತುಂಬಿದ ನೆಲ. ಅದನ್ನು ಅಗಲವಾಗಿ ಅಗೆದು ತೆಗೆದು, ಸುತ್ತಲಿನ ನೆಲಕ್ಕಿಂತ ಒಂದಡಿ ಎತ್ತರದ ದಿಬ್ಬ ಮಾಡಿ ಅದರ ಮೇಲೆ ನೆಡತಕ್ಕದ್ದು. ಗೋಡೆಯಿಂದಲೂ ಮೋರಿಯ ಕೊಳವೆಯಿಂದಲೂ ಆರೇಳು ಅಡಿ ದೂರವಿರಲಿ.

ಮೇಲಿನ ಮಹಡಿಯವರಿಗೆ ಒಂದು ಎಚ್ಚರಿಕೆಯ ಮಾತು. ಹಸಿಮಣ್ಣು ತುಂಬಿದ ದೊಡ್ಡ ಕುಂಡವನ್ನು ಇಬ್ಬರು ಸೇರಿಯೂ ಎತ್ತುವುದು ಕಷ್ಟ. ಅದನ್ನು ಗ್ಯಾಲರಿಯ ಹೊರ ಅಂಚಿಗಲ್ಲ, ಒಳಗೋಡೆಯ ಪಕ್ಕಕ್ಕೆ ಇಡಬೇಕು. ಕಟಾಂಜನದ ಮೇಲೆ ಇಡಲೇಕೂಡದು. ಗಾಳಿಮಳೆಯಲ್ಲಿ ಕೆಳಗೆ ಬಿದ್ದರೆ ಯಾರ ತಲೆಯ ಮೇಲೆ ಬಿದ್ದೀತೋ! ಕುಂಡದಡಿ ತಟ್ಟೆಯಿರಲಿ, ಕೆಳಗಿನ ಮನೆಯವರ ಒಣಹಾಕಿದ ಬಟ್ಟೆಗೆ ಮಣ್ಣುನೀರು ಸುರಿಯದಿರಲಿ. ನೆರೆಹೊರೆಯ ಸ್ನೇಹವನ್ನು ಬಲಿಕೊಟ್ಟು ಬೆಳೆಸಿದ ಹಸಿರು ಹಸಿರಲ್ಲ.

ಊರುಗೋಲು

ಈಗ ಮುಖ್ಯ ವಿಷಯಕ್ಕೆ ಬಂದೆವು. ಜೋಲುಗೊಂಬೆಯ ಮರವನ್ನು ತನ್ನಷ್ಟಕ್ಕೆ ಬಿಟ್ಟರೆ ಅದು ಮರವಾಗುವುದಿಲ್ಲ, ನೆಲದ ಮೇಲೆ ಹರಡಿದ ಹಸಿರು ರಾಶಿಯಾಗುತ್ತದೆ. ಅದರ ಎತ್ತರವನ್ನು ನಿಶ್ಚಯಿಸುವವರು ನಾವು. ಊರುಗೋಲು ಎಷ್ಟೋ ಮರ ಅಷ್ಟು. ಶೀತದೇಶದ ದೇವದಾರು, ಹೆಮ್ಲಾಕುಗಳಿಗೂ ತೋಟಗಾರರು ಅನುಸರಿಸುವ ವಿಧಾನ ಇದೇ.

ನಾಟಿಯ ದಿನವೇ ಕಾಂಡದಿಂದ ಎರಡು ಬೆರಳು ದೂರದಲ್ಲಿ ಗಟ್ಟಿ ಬಿದಿರಿನ ಗಳುವನ್ನೋ ಕಬ್ಬಿಣದ ಸರಳನ್ನೋ ಕುಂಡದ ತಳ ಮುಟ್ಟುವಂತೆ ನಿಲ್ಲಿಸಿ. ಮಣ್ಣಿನ ಮೇಲೆ ನಾಲ್ಕೂವರೆಯಿಂದ ಐದು ಅಡಿಯಿದ್ದರೆ ಸಾಕು. ಸಸಿಯ ಕಾಂಡಗಳಲ್ಲಿ ಬಲವಾದ ಒಂದನ್ನು ಸುಳಿಯೆಂದು ಆರಿಸಿ ಕೋಲಿಗೆ ಕಟ್ಟುತ್ತ ಹೋಗಿ. ಕಟ್ಟಲು ತಂತಿ ಬೇಡ, ಸಣಬಿನ ಹುರಿಯೂ ಬೇಡ. ಹಳೆಯ ಪಂಚೆಯ, ಹತ್ತಿಯ ಸೀರೆಯ ಅಂಚಿಲ್ಲದ ಪಟ್ಟಿಗಳು ಉತ್ತಮ. ಪಟ್ಟಿ ಮೊದಲು ಕೋಲನ್ನು ಸುತ್ತಿ, ನಡುವೆ ಒಮ್ಮೆ ಹೆಣೆದು, ಆಮೇಲೆ ಕಾಂಡವನ್ನು ಸಡಿಲವಾಗಿ ಸುತ್ತಬೇಕು. ನಮ್ಮ ಕಿರುಬೆರಳು ಒಳಗೆ ತೂರುವಷ್ಟು ಸಡಿಲವಿರಲಿ. ಮುಕ್ಕಾಲು ಅಡಿಗೊಂದು ಕಟ್ಟು.

ಸುಳಿ ಬೆಳೆದಂತೆಲ್ಲ ಹೊಸ ಕಟ್ಟು ಹಾಕಿ. ಆರು ತಿಂಗಳಿಗೊಮ್ಮೆ ಹಳೆಯ ಕಟ್ಟುಗಳನ್ನು ಬಿಚ್ಚಿ ಜಾಗ ಬದಲಿಸಿ ಕಟ್ಟಬೇಕು. ಈ ಕೆಲಸವನ್ನು ಮರೆತರೆ ದಪ್ಪವಾಗುವ ಕಾಂಡಕ್ಕೆ ಪಟ್ಟಿ ಉರುಳಿನಂತಾಗಿ ಮೇಲಿನ ಭಾಗ ಒಣಗುತ್ತದೆ. ಬುಡದ ಸಣ್ಣ ಕೊಂಬೆಗಳನ್ನು ಅಂದಕ್ಕಾಗಿ ಆತುರದಿಂದ ಸವರಬೇಡಿ. ಮೊದಲ ಎರಡು ವರ್ಷ ಅವನ್ನು ಗೇಣುದ್ದಕ್ಕೆ ಮೊಟಕುಗೊಳಿಸಿ ಇಟ್ಟುಕೊಳ್ಳಿ. ಆ ಎಲೆಗಳು ತಯಾರಿಸುವ ಆಹಾರದಿಂದಲೇ ಕಾಂಡ ದಪ್ಪವಾಗುತ್ತದೆ. ಮೂರನೆಯ ವರ್ಷ ಕೆಳಗಿನಿಂದ ಒಂದೊಂದಾಗಿ ತೆಗೆಯಬಹುದು.

ಸುಳಿ ಕೋಲಿನ ತುದಿ ಮುಟ್ಟಿದ ಮೇಲೆ ಮುಂದೆ ಕಟ್ಟುವುದನ್ನು ನಿಲ್ಲಿಸಿ. ಅಲ್ಲಿಂದಾಚೆ ಅದು ತಾನಾಗಿ ಬಾಗಿ ಕೆಳಗಿಳಿಯುತ್ತದೆ. ಪಕ್ಕದ ಕೊಂಬೆಗಳೂ ಅದನ್ನೇ ಅನುಸರಿಸುತ್ತವೆ. ನಡುವೆ ಯಾವುದಾದರೂ ಕೊಂಬೆ ನೆಟ್ಟಗೆ ಆಕಾಶ ನೋಡತೊಡಗಿದರೆ ಅದನ್ನು ಬುಡದಲ್ಲೇ ಕತ್ತರಿಸಬೇಕು. ಅದೇ ಬಲವಾಗಿ ಬೆಳೆದು ಮಿಕ್ಕವನ್ನು ಬಡವಾಗಿಸುತ್ತದೆ. ತುದಿಗಳನ್ನು ಸವರಿ ಆಕಾರ ತಿದ್ದಲು ಅಕ್ಟೋಬರ್ ಮತ್ತು ಫೆಬ್ರವರಿ ಒಳ್ಳೆಯ ತಿಂಗಳುಗಳು. ಏಪ್ರಿಲ್, ಮೇಗಳಲ್ಲಿ ಕತ್ತರಿ ಮುಟ್ಟಬಾರದು. ಸುಮಾರು ನಾಲ್ಕು ವರ್ಷಕ್ಕೆ ಕಾಂಡ ಗಟ್ಟಿಯಾಗುತ್ತದೆ. ಒಂದು ದಿನ ಕಟ್ಟುಗಳನ್ನೆಲ್ಲ ಬಿಚ್ಚಿ ನೋಡಿ. ಮರ ನಿಂತರೆ ಕೋಲು ತೆಗೆಯಿರಿ, ತೊನೆದರೆ ಇನ್ನೊಂದು ವರ್ಷ ಇರಲಿ.

ಋತುವಿಗೆ ತಕ್ಕ ಆರೈಕೆ

ನೀರಿನ ವಿಷಯದಲ್ಲಿ ಗಡಿಯಾರವನ್ನಲ್ಲ, ಬೆರಳನ್ನು ನಂಬಿ. ಬೆರಳನ್ನು ಎರಡು ಅಂಗುಲ ಮಣ್ಣಿಗೆ ಇಳಿಸಿ ನೋಡಬೇಕು. ಹಸಿಯಿದ್ದರೆ ಬೇಡ, ಒಣಗಿದ್ದರೆ ತಳದ ತೂತಿನಿಂದ ಹೊರಬರುವಷ್ಟು ತುಂಬ ಹಾಕಬೇಕು. ದಿನಾ ಒಂದು ಲೋಟ ಚಿಮುಕಿಸುವುದು ಉಪಚಾರವಲ್ಲ, ಉಪವಾಸ. ಬೇಸಗೆಯಲ್ಲಿ ಬೆಳಗಿನ ಬಿಸಿಲು ಸಿಕ್ಕಿ ಮಧ್ಯಾಹ್ನದ ಮೇಲೆ ನೆರಳು ಬೀಳುವ ಕಡೆ ಇಡಿ. ಪಶ್ಚಿಮಕ್ಕೆ ತೆರೆದ ಗ್ಯಾಲರಿಯಾದರೆ ಹಸಿರು ಬಲೆಯ ಪರದೆ ಬೇಕು. ಎಲೆಗಿಂತ ಹೆಚ್ಚಾಗಿ ಬಿಸಿಲಿಗೆ ಬೇಯುವುದು ಕುಂಡದೊಳಗಿನ ಬೇರು. ಕಪ್ಪು ಪ್ಲಾಸ್ಟಿಕ್ ಕುಂಡವಿದ್ದರೆ ಸುತ್ತ ಗೋಣಿತಟ್ಟು ಹೊದಿಸಿ. ಮಣ್ಣಿನ ಮೇಲೆ ಒಣಎಲೆ, ತೆಂಗಿನ ನಾರು ಹರಡಿ, ಆದರೆ ಕಾಂಡಕ್ಕೆ ತಾಗದಿರಲಿ.

ಮಳೆಗಾಲಕ್ಕೆ ಮೊದಲು ತಟ್ಟೆ ತೆಗೆದು ಕುಂಡವನ್ನು ಮೂರು ಇಟ್ಟಿಗೆಗಳ ಮೇಲೆ ಕೂಡಿಸಿ. ತೂತುಗಳು ಕಟ್ಟಿಲ್ಲವೆಂದು ಕಡ್ಡಿಯಿಂದ ಪರೀಕ್ಷಿಸಿ. ಜೋರು ಮಳೆಯ ನಾಲ್ಕೈದು ದಿನ ಒಳಗೆ ಸರಿಸಿದರೂ ಒಳ್ಳೆಯದೇ. ಗೊಬ್ಬರ ಅಕ್ಟೋಬರ್ ಮತ್ತು ಫೆಬ್ರವರಿಯಲ್ಲಿ ಎರಡೆರಡು ಹಿಡಿ ಎರೆಗೊಬ್ಬರ, ಅಷ್ಟೇ. ಹೆಚ್ಚು ಉಣಿಸಿದರೆ ಮೆತ್ತನೆಯ ಚಿಗುರು ಬಂದು ಹುಳುಗಳನ್ನು ಊಟಕ್ಕೆ ಕರೆಯುತ್ತದೆ.

ಎಳೆಯ ಚಿಗುರಿನಲ್ಲಿ ಹೇನು, ಕೊಂಬೆಯಲ್ಲಿ ಬಿಳಿ ಹಿಟ್ಟಿನಂಥ ತಿಗಣೆ ಕಂಡಾವು. ಅವು ಸುರಿಸುವ ಸಿಹಿಯಂಟಿನ ಮೇಲೆ ಕಪ್ಪು ಬೂಷ್ಟು ಕೂರುತ್ತದೆ. ಜೋರಾಗಿ ನೀರೆರಚಿ ತೊಳೆದು, ಸಂಜೆ ಹೊತ್ತು ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನ ಎಣ್ಣೆ, ನಾಲ್ಕು ತೊಟ್ಟು ಸಾಬೂನುನೀರು ಬೆರೆಸಿ ಚಿಮುಕಿಸಿದರೆ ಸಾಕು. ರಸ್ತೆಯ ಧೂಳು ಕುಳಿತರೂ ಮರ ಬಳಲುತ್ತದೆ. ವಾರಕ್ಕೊಮ್ಮೆ ಮೈತೊಳೆಸಿ. ಮನೆಯಲ್ಲಿ ಕೂಸುಗಳೋ ನಾಯಿಯೋ ಇದ್ದರೆ ಇದರ ಎಲೆ, ಕಾಯಿಗಳು ಬಾಯಿಗೆ ಹೋಗದಂತೆ ನೋಡಿಕೊಳ್ಳುವುದು ಅವಶ್ಯ, ಅವು ತಿನ್ನುವಂಥವಲ್ಲ.

ಒಂದು ಮರ ಚೆನ್ನಾಗಿ ಬಂದರೆ ನೆಂಟರಿಷ್ಟರಿಗೂ ಹಂಚಬಹುದು. ಜುಲೈ, ಆಗಸ್ಟಿನಲ್ಲಿ ಅರೆಬಲಿತ ತುದಿಗಳನ್ನು ಅರ್ಧ ಗೇಣುದ್ದಕ್ಕೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಬೇರು ಬರಿಸುವ ಪುಡಿಯಲ್ಲಿ ಅದ್ದಿ, ಮರಳು ಮತ್ತು ತೆಂಗಿನ ನಾರಿನ ಪುಡಿ ತುಂಬಿದ ಕುಂಡದಲ್ಲಿ ಊರಿ, ಮೇಲೆ ಪ್ಲಾಸ್ಟಿಕ್ ಚೀಲ ಮುಚ್ಚಿ ನೆರಳಿನಲ್ಲಿಡಿ. ಬೇರು ಬರಲು ತಿಂಗಳುಗಳೇ ಬೇಕು. ಎಲ್ಲವೂ ಹತ್ತುವುದಿಲ್ಲ. ಹತ್ತರಲ್ಲಿ ಮೂರು ನಾಲ್ಕು ಬದುಕಿದರೂ ಲಾಭವೇ.

ಪೆಟ್ಟಿಗೆಯಲ್ಲಿ ಸಸಿ ಬೇಡ

ಪರದೇಶದಿಂದ ಬರುವ ಮಕ್ಕಳಿಗೆ “ಆ ಗಿಡದ ಒಂದು ತುಂಡು ತಂದುಬಿಡೋ” ಎಂದು ಹೇಳುವವರಿದ್ದಾರೆ. ದಯವಿಟ್ಟು ಹೇಳಬೇಡಿ. 2003ರ ಸಸ್ಯ ಸಂಗರೋಧ ಆದೇಶದ ಪ್ರಕಾರ ಗಿಡ, ಟೊಂಗೆ, ಬೀಜಗಳನ್ನು ನಮ್ಮ ದೇಶಕ್ಕೆ ತರಲು ಆಮದು ಪರವಾನಗಿಯೂ, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಇದು ಕಾಗದದ ಕಾಟವಷ್ಟೇ ಅಲ್ಲ. ಒಂದು ಟೊಂಗೆಯೊಡನೆ ಬಂದ ಹುಳುವೋ ಬೂಷ್ಟೋ ಇಲ್ಲಿಯ ರೈತರ ಬೆಳೆಗೆ ಹತ್ತಿದರೆ ಅದನ್ನು ಹಿಂದಕ್ಕೆ ಕಳಿಸುವ ವಿಮಾನವಿಲ್ಲ. ಮೇಲಾಗಿ ಆ ಶೀತದೇಶದ ತುಂಡು ಕಲ್ಯಾಣದಲ್ಲಿ ಬಾಳುವುದೂ ಇಲ್ಲವೆಂಬುದನ್ನು ಆಗಲೇ ಹೇಳಿದ್ದೇವೆ.

ಬೆಟ್ಟದ ಸೀಮೆಯಲ್ಲಿ ಮನೆಯಿರುವ ಬಂಧುಗಳಿಗೆ ಮಾತ್ರ ಬೇರೆ ದಾರಿಯಿದೆ. ನೀಲಗಿರಿಯಂಥ ತಂಪು ಎತ್ತರದಲ್ಲಿ ಕಾಶ್ಮೀರ ಸೈಪ್ರೆಸ್ ಎಂಬ ನೀಲಿಬೂದು ಬಣ್ಣದ ಜೋಲುಗೊಂಬೆಯ ಮರವನ್ನು ಬೆಳೆಸಬಹುದು. ಹೆಸರು ಕಾಶ್ಮೀರದ್ದಾದರೂ ಅದರ ತವರು ಭೂತಾನ, ಅರುಣಾಚಲಗಳ ಕಡೆ. ಮನುಷ್ಯರಂತೆ ಮರಗಳಿಗೂ ಒಮ್ಮೊಮ್ಮೆ ಹೆಸರಿನ ಊರೊಂದು, ಹುಟ್ಟಿದ ಊರೊಂದು!

ನಮ್ಮ ಓದುಗ ಬಂಧುಗಳು ಈ ಸಲ ಡಿಸೆಂಬರಿನ ಹೊಂಬಣ್ಣಕ್ಕೆ ಮರುಳಾಗದೆ, ಮಳೆ ಇಳಿದ ಕೂಡಲೆ ಬಳುಕುವ ಒಂದು ಪೊಡೊಕಾರ್ಪಸನ್ನು ತಂದು ನೆಡಲಿ. ಒಂದು ಗಟ್ಟಿ ಕೋಲು, ಹಳೆಯ ಪಂಚೆಯ ನಾಲ್ಕು ಪಟ್ಟಿ, ಆರು ತಿಂಗಳಿಗೊಮ್ಮೆ ಕಟ್ಟು ಬಿಚ್ಚಿ ಕಟ್ಟುವ ನೆನಪು, ಇಷ್ಟಿದ್ದರೆ ಸಾಕು. ಆ ನೆನಪಿನ ಕೆಲಸವನ್ನು ಮನೆಯ ಮಕ್ಕಳಿಗೆ ವಹಿಸಿ. ಒಂದನೆಯ ತರಗತಿಯ ಮಗು ಐದನೆಯ ತರಗತಿಗೆ ಬರುವ ಹೊತ್ತಿಗೆ ಕೋಲು ತೆಗೆಯುವ ದಿನ ಬಂದಿರುತ್ತದೆ.